ಮುಂಬಾಗಿಲಿಗೆ 6,000 ಕೋಟಿ, ಹಿತ್ತಲ ಬಾಗಿಲಿಗೆ ಬೀಗ

2025ರಲ್ಲಿ ಸಂಶೋಧಕರ ಓದಿಗೆ ಸಂಬಂಧಪಟ್ಟ ಎರಡು ಸುದ್ದಿ ಬಂದವು. ಜನವರಿ 1ರಂದು ಕೇಂದ್ರ ಸರ್ಕಾರದ ‘ಒಂದು ದೇಶ ಒಂದು ಚಂದಾ’ ಯೋಜನೆ ಶುರುವಾಯಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಖರ್ಚು. 30 ಪ್ರಕಾಶಕರ ಸುಮಾರು 13,000 ಸಂಶೋಧನಾ ಜರ್ನಲ್‌ಗಳು ಸರ್ಕಾರಿ ಕಾಲೇಜು, ವಿಶ್ವವಿದ್ಯಾಲಯ, ಸಂಶೋಧನಾ ಸಂಸ್ಥೆಗಳಲ್ಲಿ ಇರುವವರಿಗೆ ತೆರೆದವು. ಅದಾಗಿ ಎಂಟು ತಿಂಗಳಿಗೆ, ಆಗಸ್ಟ್‌ನಲ್ಲಿ, ದೆಹಲಿ ಹೈಕೋರ್ಟ್ ಸೈ-ಹಬ್ ಎಂಬ ತಾಣವನ್ನು ದೇಶದಲ್ಲಿ ಬ್ಲಾಕ್ ಮಾಡಲು ಆದೇಶಿಸಿತು. ಇದೇ ಜರ್ನಲ್‌ಗಳ ಕೋಟಿಗಟ್ಟಲೆ ಲೇಖನಗಳು ಪುಕ್ಕಟೆ ಸಿಗುತ್ತಿದ್ದ ಜಾಗ ಅದು.

ಹಾಗಾದರೆ ಈಗ ಓದಲು ಸಿಗುತ್ತದೆಯೋ ಇಲ್ಲವೋ? ಸರ್ಕಾರವೇ ದುಡ್ಡು ಕಟ್ಟಿದ ಮೇಲೆ ಸೈ-ಹಬ್ ಯಾರಿಗೆ ಬೇಕು ಅಂತ ಕೆಲವರು ಕೇಳುತ್ತಾರೆ. ಓದುವವರ ಬಾಯಿಗೆ ಬೀಗ ಹಾಕಿದರು ಅಂತ ಇನ್ನು ಕೆಲವರು. ಎರಡೂ ಅರ್ಧ ಸತ್ಯ. ಈ ಎರಡು ಸುದ್ದಿಗಳನ್ನು ಬೇರೆ ಬೇರೆಯಾಗಿ ಓದಿದರೆ ಅರ್ಥ ಆಗುವುದಿಲ್ಲ. ಮೊದಲನೆಯದು ಮೂರು ವರ್ಷದ ಒಪ್ಪಂದ. ಅದು ಮುಗಿಯುವಾಗ ನಡೆಯುವ ಚೌಕಾಸಿಯಲ್ಲಿ ನಮ್ಮ ಕೈ ಎಷ್ಟು ಗಟ್ಟಿ ಇರುತ್ತದೆ ಎನ್ನುವುದಕ್ಕೆ ಎರಡನೆಯದೂ ಒಂದು ಕಾರಣ ಆಗಲಿದೆ.

ಬರೆಯುವುದೂ ನಾವೇ, ಕೊಳ್ಳುವುದೂ ನಾವೇ

ಸಂಶೋಧನೆ ಮಾಡುವವರಿಗೆ ಪುಸ್ತಕಕ್ಕಿಂತ ಜಾಸ್ತಿ ಬೇಕಾಗುವುದು ಜರ್ನಲ್. ಹೊಸದಾಗಿ ಏನು ಕಂಡುಕೊಂಡರೂ ಮೊದಲು ಅಚ್ಚಾಗುವುದು ಅಲ್ಲೇ. 1665ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಕಾರ್ಯದರ್ಶಿ ಹೆನ್ರಿ ಓಲ್ಡನ್‌ಬರ್ಗ್ ಇಂಥ ಒಂದು ಪತ್ರಿಕೆ ಶುರು ಮಾಡಿದ. ಅದು ಇವತ್ತಿಗೂ ಬರುತ್ತಿದೆ. ವಿಜ್ಞಾನಿಗಳು ಒಬ್ಬರಿಗೊಬ್ಬರು ಬರೆದುಕೊಳ್ಳುತ್ತಿದ್ದ ಕಾಗದಗಳನ್ನು ಅಚ್ಚು ಹಾಕಿ ನಾಲ್ಕು ಜನಕ್ಕೆ ಹಂಚುವ ಕೆಲಸ ಅದು. ಬರೆದವರು ದುಡ್ಡು ಕೇಳುತ್ತಿರಲಿಲ್ಲ. ಮುನ್ನೂರ ಅರವತ್ತು ವರ್ಷ ಆದರೂ ಆ ಒಂದು ಪದ್ಧತಿ ಮಾತ್ರ ಬದಲಾಗಿಲ್ಲ. ಇವತ್ತಿನ ಎಲ್ಲ ತಕರಾರಿನ ಬೇರು ಅಲ್ಲೇ ಇದೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಕೃಷಿ ವಿಶ್ವವಿದ್ಯಾಲಯದ ಒಬ್ಬ ಪ್ರಾಧ್ಯಾಪಕರು ರಾಗಿಗೆ ಬರುವ ಬೆಂಕಿ ರೋಗದ ಮೇಲೆ ನಾಲ್ಕು ವರ್ಷ ಕೆಲಸ ಮಾಡುತ್ತಾರೆ. ಅವರ ಸಂಬಳ ಸರ್ಕಾರದ್ದು. ಪ್ರಯೋಗದ ತಾಕು, ಲ್ಯಾಬು, ಜೊತೆಗಿರುವ ಪಿಎಚ್‌ಡಿ ವಿದ್ಯಾರ್ಥಿಯ ಫೆಲೋಶಿಪ್ಪು ಎಲ್ಲ ಸರ್ಕಾರದ್ದು. ಕೆಲಸ ಮುಗಿದ ಮೇಲೆ ಪೇಪರ್, ಅಂದರೆ ಸಂಶೋಧನಾ ಲೇಖನ, ಬರೆದು ಒಂದು ವಿದೇಶಿ ಜರ್ನಲ್‌ಗೆ ಕಳಿಸುತ್ತಾರೆ. ಸಂಪಾದಕರು ಅದನ್ನು ಇನ್ನಿಬ್ಬರು ತಜ್ಞರಿಗೆ ಕೊಟ್ಟು ಸರಿ ಇದೆಯಾ ನೋಡಿ ಅನ್ನುತ್ತಾರೆ. ಆ ತಜ್ಞರೂ ಬೇರೆಲ್ಲೋ ಸಂಬಳಕ್ಕಿರುವ ಪ್ರಾಧ್ಯಾಪಕರೇ. ಪರಿಶೀಲನೆಗೆ ಅವರಿಗೆ ಸಾಮಾನ್ಯವಾಗಿ ಒಂದು ಪೈಸೆಯೂ ಸಿಗುವುದಿಲ್ಲ. ಪೇಪರ್ ಒಪ್ಪಿಗೆ ಆದಾಗ ಒಂದು ಫಾರಂ ಬರುತ್ತದೆ. ಕೃತಿಸ್ವಾಮ್ಯವನ್ನು (ಕಾಪಿರೈಟ್) ಪ್ರಕಾಶಕರಿಗೆ ಬಿಟ್ಟುಕೊಟ್ಟಿದ್ದೇನೆ ಅಂತ ಅದಕ್ಕೆ ಸಹಿ ಹಾಕಬೇಕು. ಬಡ್ತಿಗೆ ಪ್ರಕಟಣೆ ಬೇಕೇ ಬೇಕು, ಹಾಗಾಗಿ ಸಹಿ ಬೀಳುತ್ತದೆ.

ಆಮೇಲೆ ಅದೇ ಪೇಪರ್ ಓದಲು ಆ ವಿಶ್ವವಿದ್ಯಾಲಯದ ಗ್ರಂಥಾಲಯ ಚಂದಾ ಕಟ್ಟಬೇಕು. ಚಂದಾ ಇಲ್ಲದವರು ತಾಣ ತೆರೆದರೆ ಕಾಣುವುದು ಹತ್ತು ಸಾಲಿನ ಸಾರಾಂಶ, ಅದರ ಕೆಳಗೆ ‘ಖರೀದಿಸಿ’ ಎಂಬ ಗುಂಡಿ. ಒಂದೇ ಒಂದು ಪೇಪರ್‌ಗೆ ಬಹಳ ಕಡೆ 30ರಿಂದ 40 ಡಾಲರ್. ಅಂದರೆ ಎರಡೂವರೆ, ಮೂರು ಸಾವಿರ ರೂಪಾಯಿ. ಒಂದು ಅಧ್ಯಾಯ ಬರೆಯಲು ಅರವತ್ತು ಎಪ್ಪತ್ತು ಪೇಪರ್ ನೋಡಬೇಕಾದ ವಿದ್ಯಾರ್ಥಿ ಲೆಕ್ಕ ಹಾಕಿದರೆ ತಲೆ ತಿರುಗುತ್ತದೆ. ರಾಗಿ ಬೆಳೆಯುವವನಿಗೆ ಸಲಹೆ ಕೊಡಬೇಕಾದವರಿಗೂ ಇದೇ ಗತಿ.

ಇದರಿಂದ ಯಾರಿಗೆ ಲಾಭ ಅಂತ ಮೊದಲು ಚೆನ್ನಾಗಿ ಅರ್ಥ ಮಾಡಿಕೊಂಡವರಲ್ಲಿ ಬ್ರಿಟನ್ನಿನ ರಾಬರ್ಟ್ ಮ್ಯಾಕ್ಸ್‌ವೆಲ್ ಒಬ್ಬ. ಎರಡನೇ ಮಹಾಯುದ್ಧದ ನಂತರ ಸರ್ಕಾರಗಳು ವಿಜ್ಞಾನಕ್ಕೆ ದುಡ್ಡು ಸುರಿಯಲು ಶುರು ಮಾಡಿದಾಗ, ಈತ ಪರ್ಗಮಾನ್ ಪ್ರೆಸ್ ಹೆಸರಿನಲ್ಲಿ ಒಂದರ ಮೇಲೊಂದು ಜರ್ನಲ್ ಹೊರತಂದ. 1991ರಲ್ಲಿ ಅದನ್ನು ಎಲ್ಸೆವಿಯರ್‌ಗೆ ಮಾರಿದ. ಇವತ್ತು ಎಲ್ಸೆವಿಯರ್ ಈ ವ್ಯಾಪಾರದ ದೊಡ್ಡಣ್ಣ. ಅದರ ಮಾತೃಸಂಸ್ಥೆ ರೆಲ್ಕ್ಸ್‌ನ ವಿಜ್ಞಾನ ಮತ್ತು ವೈದ್ಯಕೀಯ ವಿಭಾಗದ 2023ರ ಲೆಕ್ಕ ನೋಡಿದರೆ ನೂರು ರೂಪಾಯಿ ಆದಾಯಕ್ಕೆ ಸುಮಾರು 38 ರೂಪಾಯಿ ಲಾಭ. ಕಚ್ಚಾ ಮಾಲು ಪುಕ್ಕಟೆ, ಪರೀಕ್ಷೆ ಮಾಡುವವರು ಪುಕ್ಕಟೆ. ಇಂಥ ವ್ಯಾಪಾರ ಬೇರೆಲ್ಲಿ ಸಿಗಬೇಕು!

ಬೆಲೆ ಜಾಸ್ತಿ ಆಯಿತು ಅಂತ ಬಿಟ್ಟುಬಿಡಬಾರದೇ? ಆಗುವುದಿಲ್ಲ. ಟೊಮೆಟೊ ತುಟ್ಟಿಯಾದರೆ ಹುಣಸೆಹಣ್ಣು ಕಿವುಚಿ ಸಾರು ಮಾಡಬಹುದು. ಆದರೆ ಒಂದು ಪೇಪರ್ ಸಿಗಲಿಲ್ಲ ಅಂತ ಅದರ ಬದಲು ಇನ್ನೊಂದನ್ನು ಓದಿದರೆ ಕೆಲಸ ಆಗುವುದಿಲ್ಲ, ಅಲ್ವಾ? ಆ ನಿರ್ದಿಷ್ಟ ಪ್ರಯೋಗದ ವಿವರ ಅಲ್ಲಿ ಮಾತ್ರ ಇರುತ್ತದೆ. ಸಾಲದ್ದಕ್ಕೆ ಪ್ರಕಾಶಕರು ಜರ್ನಲ್‌ಗಳನ್ನು ಬಿಡಿಯಾಗಿ ಮಾರುವುದಕ್ಕಿಂತ ಕೇಬಲ್ ಟಿವಿಯ ಪ್ಯಾಕ್ ತರ ಕಟ್ಟಿ ಮಾರುತ್ತಾರೆ. ಬೇಕಾದ ಹತ್ತರ ಜೊತೆ ಬೇಡದ ನೂರೂ ಬರುತ್ತವೆ.

ಸರ್ಕಾರ ಮಾಡಿದ್ದೇನು

ಯೋಜನೆಗೆ ಮೊದಲು ನಮ್ಮಲ್ಲಿ ಚಂದಾ ಕಟ್ಟುವ ವ್ಯವಸ್ಥೆ ಚೆಲ್ಲಾಪಿಲ್ಲಿಯಾಗಿತ್ತು. ಬೇರೆ ಬೇರೆ ಸಚಿವಾಲಯಗಳ ಕೈಕೆಳಗೆ ಹತ್ತು ಗ್ರಂಥಾಲಯ ಕೂಟಗಳಿದ್ದವು. ಒಂದೇ ಪ್ರಕಾಶಕನಿಗೆ ಸರ್ಕಾರದ ಖಜಾನೆಯಿಂದಲೇ ಹತ್ತು ದಾರಿಯಲ್ಲಿ ದುಡ್ಡು ಹೋಗುತ್ತಿತ್ತು. ಅದರ ಜೊತೆ ಐಐಟಿ, ಭಾರತೀಯ ವಿಜ್ಞಾನ ಸಂಸ್ಥೆಯಂಥ ದೊಡ್ಡ ಸಂಸ್ಥೆಗಳು ತಮಗೆ ಬೇಕಾದ್ದನ್ನು ತಾವೇ ಕೊಳ್ಳುತ್ತಿದ್ದವು. ತಾಲ್ಲೂಕಿನ ಸರ್ಕಾರಿ ಪದವಿ ಕಾಲೇಜಿಗೆ ಹೆಚ್ಚೇನೂ ಸಿಗುತ್ತಿರಲಿಲ್ಲ.

2024ರ ನವೆಂಬರ್ 25ರಂದು ಕೇಂದ್ರ ಸಂಪುಟ ಈ ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕಿ ಕಟ್ಟಲು ಒಪ್ಪಿತು. 2025, 2026, 2027 ಈ ಮೂರು ವರ್ಷಕ್ಕೆ ಒಟ್ಟಾಗಿ ಒಂದೇ ಚೌಕಾಸಿ. ನೋಡಿಕೊಳ್ಳುವುದು ವಿಶ್ವವಿದ್ಯಾಲಯಗಳ ಗ್ರಂಥಾಲಯಗಳನ್ನು ಜೋಡಿಸಲು ಇರುವ, ಗುಜರಾತಿನ ಗಾಂಧಿನಗರದ ಯುಜಿಸಿಯ ಇನ್‌ಫ್ಲಿಬ್‌ನೆಟ್ ಕೇಂದ್ರ. 6,300ಕ್ಕೂ ಹೆಚ್ಚು ಸಂಸ್ಥೆಗಳು, ಸುಮಾರು 1.8 ಕೋಟಿ ವಿದ್ಯಾರ್ಥಿಗಳು, ಅಧ್ಯಾಪಕರು, ಸಂಶೋಧಕರು ಇದರ ಒಳಗೆ ಬರುತ್ತಾರೆ. ಕ್ಯಾಂಪಸ್ಸಿನ ನೆಟ್‌ವರ್ಕ್‌ನಲ್ಲಿ ಇದ್ದರೆ ನೇರವಾಗಿ, ಮನೆಯಲ್ಲಿದ್ದರೆ ಸಂಸ್ಥೆ ಕೊಟ್ಟ ಲಾಗಿನ್ ಮೂಲಕ ಓದಬಹುದು.

ಭಾಗಾಕಾರ ಮಾಡಿ ನೋಡಿದರೆ ವರ್ಷಕ್ಕೆ 2,000 ಕೋಟಿ, ತಲೆಗೆ ವರ್ಷಕ್ಕೆ ಸುಮಾರು 1,100 ರೂಪಾಯಿ. ಮೂರು ವರ್ಷದ ಓದಿಗೆ ಕಟ್ಟಿದ ದುಡ್ಡಿನಲ್ಲಿ ಹೊರಗೆ ಬಿಡಿಯಾಗಿ ಒಂದೋ ಎರಡೋ ಪೇಪರ್ ಸಿಗುತ್ತಿತ್ತು. ಆ ಲೆಕ್ಕದಲ್ಲಿ ಇದು ದುಬಾರಿ ಅಲ್ಲ. ಜಿಲ್ಲಾ ಕೇಂದ್ರದ ಹೊಸ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಓದುವ ಹುಡುಗಿಗೂ ಐಐಟಿ ಹುಡುಗನಿಗೂ ಒಂದೇ ಪಟ್ಟಿ ಸಿಕ್ಕಿರುವುದು ದೊಡ್ಡ ವಿಷಯ. ಯೋಜನೆಯನ್ನು ಟೀಕಿಸುವವರು ಇದನ್ನು ಬೇಗ ದಾಟಿಬಿಡುತ್ತಾರೆ.

ಆದರೆ ತಲೆಲೆಕ್ಕದಲ್ಲಿ ಒಂದು ಮೋಸ ಇದೆ. 1.8 ಕೋಟಿ ಜನರಲ್ಲಿ ಬಹುಪಾಲು ಪದವಿ ವಿದ್ಯಾರ್ಥಿಗಳು. ಅವರಲ್ಲಿ ಜರ್ನಲ್ ತೆರೆಯುವವರು ತೀರಾ ಕಡಿಮೆ. ಪ್ರಕಾಶಕನಿಗೆ ಒಬ್ಬ ಓದುಗ ಹೆಚ್ಚಾದರೆ ಖರ್ಚು ಹೆಚ್ಚುವುದಿಲ್ಲ, ಪಿಡಿಎಫ್ ಅಚ್ಚು ಹಾಕಬೇಕಾಗಿಲ್ಲವಲ್ಲ. ಹೀಗಾಗಿ ಎಷ್ಟು ಜನಕ್ಕೆ ಸಿಕ್ಕಿತು ಎನ್ನುವುದಕ್ಕಿಂತ, ನಿಜವಾಗಿ ಎಷ್ಟು ಪೇಪರ್ ಇಳಿಸಿಕೊಂಡರು, ಯಾವ ಜರ್ನಲ್‌ನದ್ದು, ಎಲ್ಲಿಂದ ಎನ್ನುವ ಲೆಕ್ಕವೇ ಮುಖ್ಯ. ಬಳಕೆಯನ್ನು ಆಗಾಗ ಪರಿಶೀಲಿಸುವ ಹೊಣೆ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ಮೇಲಿದೆ. ಆ ಅಂಕಿಗಳು ಜರ್ನಲ್‌ವಾರು ಹೊರಗೆ ಬಂದರೆ ಯಾವುದು ಬೇಕು, ಯಾವುದು ಸುಮ್ನೆ ಪ್ಯಾಕಿನ ಜೊತೆ ಬಂದದ್ದು ಅಂತ ಗೊತ್ತಾಗುತ್ತದೆ.

ಇನ್ನೊಂದು ಮಾತು. ಇದನ್ನು ಬೆಂಗಳೂರಿನ ಲೀಸ್ ಮನೆ ಅಂದುಕೊಳ್ಳಬಾರದು. ಲೀಸ್ ಆದರೆ ಅವಧಿ ಮುಗಿದಾಗ ಕೊಟ್ಟ ಗಂಟು ವಾಪಸ್ ಬರುತ್ತದೆ. ಇದು ಬಾಡಿಗೆ. ಕಟ್ಟಿದಷ್ಟು ದಿನ ಇರಬಹುದು. ಹಿಂದೆ ಗ್ರಂಥಾಲಯ ಚಂದಾ ನಿಲ್ಲಿಸಿದರೂ ಬೈಂಡ್ ಮಾಡಿಸಿಟ್ಟ ಹಳೇ ಸಂಪುಟಗಳು ಕಪಾಟಿನಲ್ಲಿ ಉಳಿಯುತ್ತಿದ್ದವು. ಡಿಜಿಟಲ್ ಚಂದಾದಲ್ಲಿ ಕಪಾಟೇ ಪ್ರಕಾಶಕನ ಮನೆಯಲ್ಲಿ ಇರುತ್ತದೆ.

ಗೋವಿಂದ ಪೈಗಳಿಗೆ ಲಾಗಿನ್ ಸಿಗುತ್ತಿತ್ತೇ?

2020ರ ಕೊನೆಯಲ್ಲಿ ಬಂದ ರಾಷ್ಟ್ರೀಯ ವಿಜ್ಞಾನ ನೀತಿಯ ಕರಡಿನಲ್ಲಿ ಈ ಯೋಜನೆಯ ಮೂಲ ಆಸೆ ಬೇರೆಯೇ ಇತ್ತು. ದೇಶದ ಪ್ರತಿಯೊಬ್ಬರಿಗೂ ಜರ್ನಲ್ ಓದಲು ಸಿಗಬೇಕು ಅಂತ. ಜಾರಿಗೆ ಬರುವಾಗ ಅದು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳು ಮತ್ತು ಕೇಂದ್ರದ ಸಂಶೋಧನಾ ಸಂಸ್ಥೆಗಳು ಎಂಬಲ್ಲಿಗೆ ನಿಂತಿತು. ಮೊದಲ ಹಂತದಲ್ಲಿ ಖಾಸಗಿ ಕಾಲೇಜುಗಳು ಇಲ್ಲ.

ಕರ್ನಾಟಕದ ಮಟ್ಟಿಗೆ ಇದು ಸಣ್ಣ ಕೊರತೆ ಅಲ್ಲ. ವಿಟಿಯು ವ್ಯಾಪ್ತಿಯ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಹೆಚ್ಚಿನವು ಖಾಸಗಿ. ಅಲ್ಲಿ ಪಿಎಚ್‌ಡಿ ಮಾಡುವವರೂ ಸಾಕಷ್ಟು ಜನ. ತಾಲ್ಲೂಕು ಆಸ್ಪತ್ರೆಯ ವೈದ್ಯರು, ನಿವೃತ್ತರಾದ ಮೇಷ್ಟ್ರು, ಪತ್ರಕರ್ತರು, ಸಣ್ಣ ಕಂಪನಿ ನಡೆಸುವವರು, ಯಾವ ಸಂಸ್ಥೆಗೂ ಸೇರದೆ ತಮ್ಮ ಪಾಡಿಗೆ ಸಂಶೋಧನೆ ಮಾಡುವವರು ಎಲ್ಲರೂ ಹೊರಗೆ.

ಕೊನೆಯ ಗುಂಪನ್ನು ಕನ್ನಡಿಗರು ಹಗುರವಾಗಿ ನೋಡುವ ಹಾಗಿಲ್ಲ. ಮಂಜೇಶ್ವರದ ಮನೆಯಲ್ಲಿ ಕೂತು, ಯಾವ ವಿಶ್ವವಿದ್ಯಾಲಯದ ಹುದ್ದೆಯೂ ಇಲ್ಲದೆ, ಗೋವಿಂದ ಪೈಗಳು ಇತಿಹಾಸ ಸಂಶೋಧನೆ ಮಾಡಿದರು. ತಾವೇ ಪುಸ್ತಕ ತರಿಸಿ ಗ್ರಂಥಾಲಯ ಕಟ್ಟಿಕೊಂಡರು. ಧಾರವಾಡದ ಆಲೂರು ವೆಂಕಟರಾಯರು ವಕೀಲಿ ಓದಿದವರು. ಯಕ್ಷಗಾನದ ಮೇಲೆ ಅಷ್ಟೆಲ್ಲ ಕೆಲಸ ಮಾಡಿದ ಶಿವರಾಮ ಕಾರಂತರಿಗೆ ಪದವಿಯನ್ನೂ ಪೂರ್ತಿ ಮಾಡಿಕೊಳ್ಳಬೇಕು ಅನ್ನಿಸಲಿಲ್ಲ. ಇವರಲ್ಲಿ ಯಾರಿಗೂ ಇವತ್ತು ಇನ್‌ಫ್ಲಿಬ್‌ನೆಟ್ ಲಾಗಿನ್ ಸಿಗುತ್ತಿರಲಿಲ್ಲ.

ಸೈ-ಹಬ್ ಕಥೆ

ಸೈ-ಹಬ್ ಶುರುವಾದದ್ದು 2011ರಲ್ಲಿ. ಮಾಡಿದವರು ಕಜಕಸ್ತಾನದ ಅಲೆಕ್ಸಾಂಡ್ರಾ ಎಲ್ಬಾಕ್ಯಾನ್. ಪೇಪರ್‌ನ ಡಿಒಐ ಸಂಖ್ಯೆ (ಪ್ರತಿ ಪೇಪರ್ ಗುರುತಿಸಲು ಕೊಡುವ ನಂಬರು) ಹಾಕಿದರೆ ಸಾಕು, ಪಿಡಿಎಫ್ ತೆರೆದುಕೊಳ್ಳುತ್ತಿತ್ತು. ಲಾಗಿನ್ ಇಲ್ಲ, ದುಡ್ಡಿಲ್ಲ. ಅದರ ಸಂಗ್ರಹ ಎಂಟು ಕೋಟಿ ಪೇಪರ್‌ಗಳನ್ನು ದಾಟಿದೆ. 2016ರಲ್ಲಿ ‘ಸೈನ್ಸ್’ ಪತ್ರಿಕೆ ಆರು ತಿಂಗಳ ಲೆಕ್ಕ ತೆಗೆದಾಗ 2.8 ಕೋಟಿ ಪೇಪರ್ ಇಳಿಸಿಕೊಂಡದ್ದು ಗೊತ್ತಾಯಿತು. ಅದರಲ್ಲಿ ಭಾರತದಿಂದಲೇ 34 ಲಕ್ಷ ಕೋರಿಕೆ. ಚೀನಾ ನಮಗಿಂತ ಮುಂದೆ, ಇರಾನ್ ಸ್ವಲ್ಪ ಹಿಂದೆ. ತಮಾಷೆ ಅಂದರೆ ಅಮೆರಿಕದಲ್ಲಿ, ಅದೂ ಚಂದಾ ಇರುವ ದೊಡ್ಡ ವಿಶ್ವವಿದ್ಯಾಲಯಗಳ ಊರುಗಳಲ್ಲಿ, ಜನ ಸೈ-ಹಬ್ ಬಳಸುತ್ತಿದ್ದರು. ಗ್ರಂಥಾಲಯದ ತಾಣದಲ್ಲಿ ಐದು ಸಲ ಒತ್ತುವುದಕ್ಕಿಂತ ಇದು ಸುಲಭ.

ಕಾನೂನಿನ ಪ್ರಕಾರ ಇದು ಸರಿಯಲ್ಲ ಎನ್ನುವುದರಲ್ಲಿ ಪ್ರಕಾಶಕರಿಗೆ ಅನುಮಾನವೇ ಇಲ್ಲ. ಅಮೆರಿಕದ ನ್ಯಾಯಾಲಯ 2017ರಲ್ಲಿ ಎಲ್ಸೆವಿಯರ್‌ಗೆ 1.5 ಕೋಟಿ ಡಾಲರ್ ಪರಿಹಾರ ಕೊಡಬೇಕು ಅಂತ ತೀರ್ಪು ಕೊಟ್ಟಿತು. ಎಲ್ಬಾಕ್ಯಾನ್ ಅಲ್ಲಿ ಹಾಜರಾಗಿ ವಾದ ಮಾಡಲೇ ಇಲ್ಲ. ಭಾರತದಲ್ಲಿ ಕಥೆ ಬೇರೆ. 2020ರ ಡಿಸೆಂಬರ್‌ನಲ್ಲಿ ಎಲ್ಸೆವಿಯರ್, ವೈಲಿ, ಅಮೆರಿಕನ್ ಕೆಮಿಕಲ್ ಸೊಸೈಟಿ ಮೂರೂ ಪ್ರಕಾಶಕರು ಸೇರಿ ದೆಹಲಿ ಹೈಕೋರ್ಟ್‌ಗೆ ಹೋದಾಗ ಆಕೆ ವಕೀಲರನ್ನು ಇಟ್ಟು ಎದುರಿಸಿದರು. ನಮ್ಮ ವಿಜ್ಞಾನಿಗಳ ಒಂದು ಗುಂಪೂ ನಮ್ಮ ಮಾತು ಕೇಳಿ ಅಂತ ಅರ್ಜಿ ಹಾಕಿತು. ಪ್ರಕರಣಕ್ಕೆ ಜಗತ್ತಿನ ಕಣ್ಣು ಬಿದ್ದದ್ದು ಇದಕ್ಕೇ. ಸೈ-ಹಬ್ ಪರವಾಗಿ ಗಟ್ಟಿ ವಾದ ನಡೆಯಬಹುದಾದ ಕಾನೂನು ಇರುವ ದೊಡ್ಡ ದೇಶ ನಮ್ಮದು.

ಯಾವ ಕಾನೂನು ಅಂದರೆ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ. ಸಂಶೋಧನೆಯೂ ಸೇರಿದಂತೆ ಸ್ವಂತ ಬಳಕೆಗೆ ನ್ಯಾಯವಾಗಿ ಬಳಸಿಕೊಂಡರೆ ಅದು ಉಲ್ಲಂಘನೆ ಅಲ್ಲ ಅನ್ನುತ್ತದೆ ಅದು. ಮೇಷ್ಟ್ರು ಮತ್ತು ವಿದ್ಯಾರ್ಥಿ ಪಾಠದ ಸಲುವಾಗಿ ಪ್ರತಿ ಮಾಡಿಕೊಳ್ಳುವುದಕ್ಕೂ ಅದೇ ಕಲಂನಲ್ಲಿ ಜಾಗ ಇದೆ. ಇದರ ಬಲ ಏನು ಅಂತ ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಅಂಗಡಿ ಪ್ರಕರಣದಲ್ಲಿ ಕಂಡಿತ್ತು. ರಾಮೇಶ್ವರಿ ಎಂಬ ಆ ಅಂಗಡಿಯಲ್ಲಿ ಬೇರೆ ಬೇರೆ ಪುಸ್ತಕದ ಅಧ್ಯಾಯಗಳನ್ನು ಸೇರಿಸಿ ವಿದ್ಯಾರ್ಥಿಗಳಿಗೆ ಕಟ್ಟು ಮಾಡಿ ಕೊಡುತ್ತಿದ್ದರು. 2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಡ್ಜ್, ಟೇಲರ್ ಅಂಡ್ ಫ್ರಾನ್ಸಿಸ್ ಮೊಕದ್ದಮೆ ಹಾಕಿದವು. 2016ರಲ್ಲಿ ಹೈಕೋರ್ಟ್ ಅಂಗಡಿಯ ಪರ ನಿಂತಿತು. ಕೃತಿಸ್ವಾಮ್ಯ ದೈವದತ್ತ ಹಕ್ಕೇನಲ್ಲ ಎಂಬ ಅರ್ಥದ ಮಾತನ್ನು ತೀರ್ಪಿನಲ್ಲೇ ಹೇಳಿತು. 2017ರಲ್ಲಿ ಪ್ರಕಾಶಕರೇ ಮೊಕದ್ದಮೆ ಹಿಂದಕ್ಕೆ ತೆಗೆದುಕೊಂಡರು.

ಸೈ-ಹಬ್‌ಗೂ ಅದೇ ನ್ಯಾಯ ಸಿಗುತ್ತದೆ ಅಂತ ಹಲವರು ಕಾದಿದ್ದರು. ಸಿಗಲೇಬೇಕು ಅಂತೇನೂ ಇರಲಿಲ್ಲ ಅನ್ನಿ. ಒಂದು ಕ್ಲಾಸಿನ ಮಕ್ಕಳಿಗೆ ನಾಲ್ಕು ಅಧ್ಯಾಯ ಕೊಡುವುದು ಬೇರೆ, ಇಡೀ ಜಗತ್ತಿಗೆ ಎಂಟು ಕೋಟಿ ಪೇಪರ್ ಇಡುವುದು ಬೇರೆ. ಓದುಗನ ಸ್ವಂತ ಬಳಕೆಗೆ ಇರುವ ರಿಯಾಯಿತಿ, ಹಂಚುವವನಿಗೂ ಸಿಗುತ್ತದೆಯೇ? ನಿಜವಾದ ಪ್ರಶ್ನೆ ಅದು. ಆದರೆ ಬ್ಲಾಕ್ ಆದೇಶ ಬಂದದ್ದು ಈ ಪ್ರಶ್ನೆಗೆ ಉತ್ತರವಾಗಿ ಅಲ್ಲ. ಮೊಕದ್ದಮೆ ಶುರುವಾದಾಗ, ಹೊಸ ಪೇಪರ್ ಹಾಕುವುದಿಲ್ಲ ಅಂತ ಎಲ್ಬಾಕ್ಯಾನ್ ಕಡೆಯಿಂದ ಕೋರ್ಟಿಗೆ ಮಾತು ಕೊಟ್ಟಿದ್ದರು. 2021ರ ಸೆಪ್ಟೆಂಬರ್‌ನಲ್ಲಿ, ತಾಣಕ್ಕೆ ಹತ್ತು ವರ್ಷ ತುಂಬಿತು ಅಂತ, ಆಕೆ 23 ಲಕ್ಷಕ್ಕೂ ಹೆಚ್ಚು ಹೊಸ ಪೇಪರ್ ಸೇರಿಸಿದರು. ಮುಂದೆ ಸೈ-ನೆಟ್ ಎಂಬ ಆಕೆಯದೇ ಇನ್ನೊಂದು ತಾಣ ಬಂತು. ಕೊಟ್ಟ ಮಾತು ಮುರಿದರು ಎನ್ನುವುದೇ 2025ರ ಆದೇಶಕ್ಕೆ ಮುಖ್ಯ ಆಧಾರ.

ಅಂದರೆ 52ನೇ ಕಲಂ ಸೋತಿಲ್ಲ. ಅದರ ಪರೀಕ್ಷೆಯೇ ಆಗಲಿಲ್ಲ. ಓದುಗರ ಹಕ್ಕಿನ ಪ್ರಶ್ನೆಯನ್ನು ಒಬ್ಬ ವ್ಯಕ್ತಿಯ ನಡವಳಿಕೆಗೆ ಕಟ್ಟಿಹಾಕಿದಂತಾಯಿತು. ಎಲ್ಬಾಕ್ಯಾನ್‌ರನ್ನು ಮೆಚ್ಚುವವರೂ ಇದನ್ನು ಒಪ್ಪಲೇಬೇಕು: ಆ 23 ಲಕ್ಷ ಪೇಪರ್ ಒಳ್ಳೇ ಮೊಕದ್ದಮೆಯೊಂದನ್ನು ಕೆಡಿಸಿತು.

ಓದುಗನ ಬದಲು ಲೇಖಕನೇ ಕಟ್ಟಿದರೆ?

ಪ್ರಕಾಶಕರ ವಾದವನ್ನೂ ಕೇಳಬೇಕು. ಸಂಪಾದನೆ, ಕಳ್ಳ ಪೇಪರ್ ಹಿಡಿಯುವುದು, ತಾಣ ನಡೆಸುವುದು, ನೂರಾರು ವರ್ಷದ ಸಂಗ್ರಹ ಕಾಪಾಡುವುದು ಪುಕ್ಕಟೆ ಆಗುವುದಿಲ್ಲ ಅನ್ನುತ್ತಾರೆ ಅವರು. ಸುಳ್ಳಲ್ಲ. ಆ ಖರ್ಚನ್ನು ಯಾರು ಕೊಡಬೇಕು ಎನ್ನುವುದೇ ಜಗಳ.

ಯುರೋಪಿನ ಹಲವು ಅನುದಾನ ಸಂಸ್ಥೆಗಳು 2018ರಲ್ಲಿ ‘ಪ್ಲಾನ್ ಎಸ್’ ಅಂತ ಒಂದು ನಿಯಮ ಮಾಡಿಕೊಂಡವು. ನಮ್ಮ ದುಡ್ಡಿನಲ್ಲಿ ಸಂಶೋಧನೆ ಮಾಡಿದರೆ ಪೇಪರ್ ಮೊದಲ ದಿನವೇ ಎಲ್ಲರಿಗೂ ತೆರೆದಿರಬೇಕು ಅಂತ. ಪ್ರಕಾಶಕರು ತಲೆದೂಗಿದರು, ದುಡ್ಡು ವಸೂಲಿ ಮಾಡುವ ಕಿಟಕಿ ಬದಲಾಯಿಸಿದರು ಅಷ್ಟೇ. ಓದುಗ ಕೊಡದಿದ್ದರೆ ಲೇಖಕ ಕೊಡಲಿ ಅಂದರು. ‘ನೇಚರ್’ ಪತ್ರಿಕೆ ಹೀಗೆ ಮುಕ್ತವಾಗಿ ಪ್ರಕಟಿಸಲು 2020ರಲ್ಲಿ ಇಟ್ಟ ಬೆಲೆ ಒಂದು ಪೇಪರ್‌ಗೆ 9,500 ಯೂರೋ. ಸುಮಾರು ಒಂಬತ್ತು ಲಕ್ಷ ರೂಪಾಯಿ.

ನಮ್ಮ ಯೋಜನೆಯಲ್ಲೂ ಲೇಖಕರ ಪರವಾಗಿ ಇಂಥ ಶುಲ್ಕ ಕಟ್ಟಲು ವರ್ಷಕ್ಕೆ 150 ಕೋಟಿ ಇಟ್ಟಿದ್ದಾರೆ. ಭಾರತದಿಂದ ವರ್ಷಕ್ಕೆ 2 ಲಕ್ಷಕ್ಕೂ ಹೆಚ್ಚು ಪೇಪರ್ ಬರುತ್ತವೆ. ಪೇಪರ್‌ಗೆ ಸರಾಸರಿ ಒಂದೂವರೆ ಲಕ್ಷ ಅಂತ ಹಿಡಿದರೂ ಹತ್ತು ಸಾವಿರಕ್ಕೆ ದುಡ್ಡು ಖಾಲಿ. ಉಳಿದವರು ಏನು ಮಾಡಬೇಕು? ದುಡ್ಡು ಕೊಟ್ಟರೆ ಏನನ್ನಾದರೂ ಪ್ರಕಟಿಸುವ ಅಗ್ಗದ ಜರ್ನಲ್‌ಗಳ ಪಿಡುಗು ನಮ್ಮಲ್ಲಿ ಈಗಾಗಲೇ ಇದೆ. ಲೇಖಕನೇ ಗಿರಾಕಿಯಾದರೆ ಅಂಗಡಿಯವನು ಗಿರಾಕಿಗೆ ಬೇಡ ಅನ್ನುವುದು ಕಷ್ಟ.

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಬೇರೆ ದಾರಿ ಹಿಡಿಯಿತು. 2025ರ ಜುಲೈ 1ರಿಂದ ಅದರ ದುಡ್ಡಿನಲ್ಲಿ ಆದ ಸಂಶೋಧನೆಯ ಪೇಪರ್ ಒಪ್ಪಿಗೆ ಆದರೆ, ಲೇಖಕರ ಕೈಪ್ರತಿಯನ್ನು ಸರ್ಕಾರಿ ಆನ್‌ಲೈನ್ ಭಂಡಾರಕ್ಕೆ ಹಾಕಬೇಕು. ಪ್ರಕಟವಾದ ದಿನವೇ ಅದು ಎಲ್ಲರಿಗೂ ಸಿಗುತ್ತದೆ. ನಮ್ಮ ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೂ. ಇದರ ಪರಿಣಾಮ ನಮ್ಮ ಚಂದಾದ ಮೇಲೂ ಇದೆ. ಪ್ಯಾಕ್‌ನಲ್ಲಿ ಬರುವ ಹೊಸ ಪೇಪರ್‌ಗಳಲ್ಲಿ ಹೇಗಿದ್ದರೂ ಪುಕ್ಕಟೆ ಸಿಗುವವುಗಳ ಪಾಲು ವರ್ಷ ವರ್ಷ ಏರುತ್ತಿದೆ. ಅದಕ್ಕೆ ತಕ್ಕ ಹಾಗೆ ಚಂದಾ ಇಳಿಯಬೇಕು ತಾನೇ?

ಬೆಂಗಳೂರಿನಲ್ಲೇ ಇರುವ ದಾರಿ

ಹೊರಗೆ ಹುಡುಕಬೇಕಾಗಿಲ್ಲ. ‘ಕರೆಂಟ್ ಸೈನ್ಸ್’ ಪತ್ರಿಕೆ 1932ರಲ್ಲಿ ಬೆಂಗಳೂರಿನಲ್ಲಿ ಶುರುವಾಯಿತು. ಓದಲು ದುಡ್ಡು ಬೇಡ. ಸಿ.ವಿ. ರಾಮನ್ 1934ರಲ್ಲಿ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿ ತನ್ನ ಜರ್ನಲ್‌ಗಳ ಪೇಪರ್‌ಗಳನ್ನು ತಾಣದಲ್ಲಿ ಪುಕ್ಕಟೆ ಇಟ್ಟಿದೆ. ಓದುಗನೂ ಕೊಡಬೇಕಾಗಿಲ್ಲ, ಲೇಖಕನೂ ಕೊಡಬೇಕಾಗಿಲ್ಲ, ಸಂಸ್ಥೆ ನಡೆಸುತ್ತದೆ. ಬ್ರೆಜಿಲ್‌ನ ಸೈಲೋ ಜಾಲ 1990ರ ದಶಕದ ಕೊನೆಯಿಂದ ಮುಕ್ತ ಪತ್ರಿಕೆಗಳ ದಾರಿಯನ್ನು ಇಡೀ ಲ್ಯಾಟಿನ್ ಅಮೆರಿಕಕ್ಕೆ ಹಬ್ಬಿಸಿತು.

ಭಾರತೀಯ ವಿಜ್ಞಾನ ಸಂಸ್ಥೆ ತನ್ನವರ ಪೇಪರ್‌ಗಳ ಪ್ರತಿ ಇಡಲು 2002ರಲ್ಲೇ ಒಂದು ಭಂಡಾರ ಮಾಡಿತು. ದೇಶದಲ್ಲಿ ಅಂಥದ್ದು ಅದೇ ಮೊದಲು. 2014ರಲ್ಲಿ ಕೇಂದ್ರದ ವಿಜ್ಞಾನ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಗಳು, ನಮ್ಮ ದುಡ್ಡು ಪಡೆದವರು ಇಂಥ ಭಂಡಾರಕ್ಕೆ ಪ್ರತಿ ಹಾಕಲೇಬೇಕು ಅಂತ ನೀತಿ ಮಾಡಿದವು. ಅಮೆರಿಕ ಈಗ ಮಾಡಿದ್ದರ ಹತ್ತಿರದ ನೆಂಟ. ಆದರೆ ಹಾಕದವರನ್ನು ಯಾರೂ ಕೇಳಲಿಲ್ಲ. ಹಾಕಿದರೆ ಬಡ್ತಿಗೆ ಒಂದು ಅಂಕವೂ ಸಿಗುವುದಿಲ್ಲ, ಹಾಕದಿದ್ದರೆ ಅನುದಾನ ನಿಲ್ಲುವುದಿಲ್ಲ. ಮತ್ತೆ ಯಾರು ಹಾಕುತ್ತಾರೆ?

ಕನ್ನಡ ವಿಭಾಗಗಳಿಗೆ ಈ 13,000ದಲ್ಲಿ ಸಿಗುವುದು ಕಡಿಮೆ. ಶಾಸನ, ಹಸ್ತಪ್ರತಿ, 1919ರಿಂದ ಬಂದ ಪ್ರಬುದ್ಧ ಕರ್ನಾಟಕದ ಹಳೇ ಸಂಚಿಕೆ ಬೇಕಾದವರಿಗೆ ಇಂಗ್ಲಿಷ್ ಪ್ರಕಾಶಕರ ಪ್ಯಾಕ್ ಏನು ಮಾಡೀತು? ಅವರು ಇವತ್ತಿಗೂ ಹೋಗುವುದು ಸ್ವಯಂಸೇವಕರು ಸ್ಕ್ಯಾನ್ ಮಾಡಿ ಇಂಟರ್ನೆಟ್ ಆರ್ಕೈವ್‌ಗೆ ಹಾಕಿದ ಪ್ರತಿಗಳ ಹತ್ತಿರ. ಪುಟ ಓರೆ ಇರುತ್ತದೆ, ಒಂದೊಂದು ಕಡೆ ಸ್ಕ್ಯಾನ್ ಮಾಡಿದವರ ಬೆರಳೂ ಬಿದ್ದಿರುತ್ತದೆ, ಆದರೆ ಸಿಗುತ್ತದೆ. ನಮ್ಮ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಇರುತ್ತದೆ. ಆಲೂರು ವೆಂಕಟರಾಯರು ಹೋದದ್ದು 1964ರಲ್ಲಿ. ಹಾಗಾಗಿ ಅವರ ಬರಹ ಎಲ್ಲರ ಸ್ವತ್ತಾದದ್ದು 2025ರ ಜನವರಿ 1ಕ್ಕೆ. ಚಂದಾ ಯೋಜನೆ ಶುರುವಾದ ಅದೇ ದಿನ. ಒಂದಕ್ಕೆ 6,000 ಕೋಟಿ ಬಂತು, ಇನ್ನೊಂದನ್ನು ಯಾರೂ ಗಮನಿಸಲಿಲ್ಲ.

2027ರ ಡಿಸೆಂಬರ್

ಒಪ್ಪಂದ ಮುಗಿಯುವುದು 2027ರ ಡಿಸೆಂಬರ್ 31ಕ್ಕೆ. ಅಷ್ಟರಲ್ಲಿ ಕೋಟ್ಯಂತರ ಜನಕ್ಕೆ ಅಭ್ಯಾಸ ಆಗಿರುತ್ತದೆ. ಸಂಸ್ಥೆಗಳು ತಮ್ಮ ಹಳೇ ಚಂದಾಗಳನ್ನು ಬಿಟ್ಟಿರುತ್ತವೆ. ಪ್ರಕಾಶಕರು ಬೆಲೆ ಏರಿಸಿ ಕೇಳಿದರೆ ಬೇಡ ಅನ್ನುವ ಧೈರ್ಯ ಸರ್ಕಾರಕ್ಕೆ ಬರಬೇಕಾದರೆ, ಬೇಡ ಅಂದ ಮೇಲೂ ಓದು ನಡೆಯುವ ಹಾಗಿರಬೇಕು.

ಬೇಡ ಅಂದವರಿದ್ದಾರೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ 2019ರಲ್ಲಿ ಎಲ್ಸೆವಿಯರ್ ಚಂದಾ ಬಿಟ್ಟಿತು. ಎರಡು ವರ್ಷ ಹಟ ಹಿಡಿದು, 2021ರಲ್ಲಿ ತನ್ನ ಷರತ್ತಿಗೆ ಹತ್ತಿರದ ಒಪ್ಪಂದ ಮಾಡಿಕೊಂಡಿತು. ಜರ್ಮನಿಯ ಸಂಸ್ಥೆಗಳು ಒಟ್ಟಾಗಿ ಎಲ್ಸೆವಿಯರ್ ಜೊತೆ ರಾಜಿ ಮಾಡಿಕೊಂಡದ್ದು 2023ರಲ್ಲಿ. ಅದಕ್ಕೆ ಮೊದಲು ಹಲವು ವರ್ಷ ಅಲ್ಲಿ ಅನೇಕ ಕಡೆ ಚಂದಾ ಇರಲಿಲ್ಲ. ಕೆಲಸ ನಿಲ್ಲಲಿಲ್ಲ. ಲೇಖಕರಿಗೆ ಮೇಲ್ ಹಾಕಿ ಪ್ರತಿ ತರಿಸಿಕೊಂಡರು, ಬೇರೆ ಗ್ರಂಥಾಲಯದಿಂದ ಎರವಲು ತಂದರು, ಭೌತಶಾಸ್ತ್ರದವರಿಗೆ 1991ರಿಂದಲೇ ಆರ್ಕೈವ್ (arXiv) ಎಂಬ ಮುಕ್ತ ಭಂಡಾರ ಇತ್ತು. ಬಾಯಿಬಿಟ್ಟು ಹೇಳದಿದ್ದರೂ ಸೈ-ಹಬ್ಬೂ ಇತ್ತು. ಪ್ರಕಾಶಕರಿಗೆ ಇದೆಲ್ಲ ಗೊತ್ತಿತ್ತು, ಹಾಗಾಗಿ ಅವರೂ ಇಳಿದು ಬಂದರು.

ನಾವು ಮೇಜಿಗೆ ಕೂರುವಾಗ ಆ ಕೊನೆಯ ದಾರಿ ನಮ್ಮಲ್ಲಿ ಅಧಿಕೃತವಾಗಿ ಮುಚ್ಚಿರುತ್ತದೆ. ಎದುರಿಗೆ ಕೂತವರಲ್ಲಿ ಇಬ್ಬರು ಅದನ್ನು ಮುಚ್ಚಿಸಿದವರೇ, ಎಲ್ಸೆವಿಯರ್ ಮತ್ತು ವೈಲಿ. ಆಗ ನಮ್ಮ ಕೈಯಲ್ಲಿ ಇರಬಹುದಾದ ಇನ್ನೊಂದು ಅಸ್ತ್ರ 2014ರ ಆ ನೀತಿ. ಅನುದಾನದ ಮುಂದಿನ ಕಂತು ಬಿಡುಗಡೆ ಮಾಡುವ ಮೊದಲು ಪೇಪರ್‌ನ ಪ್ರತಿ ಭಂಡಾರದಲ್ಲಿದೆಯೇ ಅಂತ ಇಲಾಖೆ ಒಂದು ಸಲ ನೋಡಿದರೆ ಸಾಕು. ಅದಕ್ಕೆ ಹೊಸ ಕಾನೂನು ಬೇಡ, 6,000 ಕೋಟಿಯೂ ಬೇಡ. ಅರ್ಜಿಯ ಫಾರಂನಲ್ಲಿ ಒಂದು ಕಾಲಂ ಜಾಸ್ತಿ ಆಗುತ್ತದೆ.